ಬಾರದವರ ಹೆಸರು ಬರೆದಿಡುವ ಪುಸ್ತಕ: ಧರ್ಮಕೇಂದ್ರದಲ್ಲಿ ಕಿರು ಕೂಟ ಕಟ್ಟುವ ಬಗೆ

ಮೊಣಕಾಲಿನ ಶಸ್ತ್ರಚಿಕಿತ್ಸೆ ಆದ ವರ್ಷ ಮೂರು ತಿಂಗಳು ನನಗೆ ಭಾನುವಾರದ ಬಲಿಪೂಜೆಗೆ, ಎಂದರೆ ಚರ್ಚಿನ ಮುಖ್ಯ ಆರಾಧನೆಗೆ, ಹೋಗಲಾಗಲಿಲ್ಲ. ಅದಕ್ಕೂ ಮುಂಚೆ ಹದಿನೈದು ವರ್ಷ ಒಂದೇ ಬೆಂಚಿನ ಒಂದೇ ತುದಿಯಲ್ಲಿ ಕೂತವಳು ನಾನು. ಆ ಮೂರು ತಿಂಗಳಲ್ಲಿ ಚರ್ಚಿನಿಂದ ನನ್ನ ಮನೆಗೆ ಬಂದದ್ದು ಒಂದೇ: ವಾರ್ಷಿಕ ವಂತಿಗೆ ಬಾಕಿ ಇದೆ ಎಂಬ ಚೀಟಿ. ನನ್ನದೂ ಲೆಕ್ಕ ಬರೆಯುವ ನೌಕರಿಯೇ ಆಗಿದ್ದರಿಂದ ಚೀಟಿಯಲ್ಲಿ ತಪ್ಪೇನೂ ಕಾಣಲಿಲ್ಲ. ಬಾಕಿ ಇತ್ತು, ನಿಜ. ಆದರೂ ಅದನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ.

ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ನೂರಾರು ಕುಟುಂಬಗಳಿಗೆ ಒಬ್ಬರೇ ಗುರುಗಳು, ಎಂದರೆ ಪಾದ್ರಿ. ಯಾವ ಬೆಂಚಿನಲ್ಲಿ ಯಾರಿಲ್ಲ ಎಂದು ಅವರಾದರೂ ಎಷ್ಟು ನೋಡಿಯಾರು? ಬೆಳಗಿನಿಂದ ಸಂಜೆಯವರೆಗೆ ಜನರ ನ್ಯಾಯ ತೀರಿಸುತ್ತ ಕೂತಿದ್ದ ಮೋಶೆಯನ್ನು ನೋಡಿ ಅವನ ಮಾವ ಇತ್ರೋ ಹೇಳಿದ್ದೂ ಇದನ್ನೇ: ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು. ಬೈಬಲಿನ ವಿಮೋಚನಕಾಂಡದ 18ನೆಯ ಅಧ್ಯಾಯ. ನನಗೆ ಬೇಕಾದದ್ದು ಆ ಕೊನೆಯ ‘ಹತ್ತು’. ಆಮೇಲೆ ಹತ್ತೊಂಬತ್ತು ವರ್ಷ ಮೂರು ಕಿರು ಕೂಟಗಳನ್ನು (ನೆರೆಹೊರೆಯ ಹತ್ತಾರು ಜನ ಮನೆಯಲ್ಲಿ ಸೇರಿ ಬೈಬಲ್ ಓದಿ ಪ್ರಾರ್ಥಿಸುವ ಗುಂಪುಗಳನ್ನು) ನಡೆಸಿ, ಒಂದನ್ನು ಕೆಡಿಸಿ, ಒಂದನ್ನು ಮುಚ್ಚಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಾನು ಕಥೋಲಿಕ ಧರ್ಮಕೇಂದ್ರದವಳು, ಎಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳ ಸಮುದಾಯದವಳು. ‘ಗುರುಗಳು’ ಎಂದಲ್ಲಿ ‘ಸಭಾಪಾಲಕರು’ ಎಂದು ಓದಿಕೊಂಡರೆ ಬೇರೆ ಸಭೆಗಳವರಿಗೂ ಮುಕ್ಕಾಲು ಪಾಲು ಒಪ್ಪುತ್ತದೆ.

ಕೂಟ ಯಾಕೆ ಎಂಬುದು ಮೊದಲು ತಲೆಯಲ್ಲಿ ಸ್ಪಷ್ಟವಿರಲಿ

ಬೈಬಲ್ ಅಧ್ಯಯನಕ್ಕಾ, ಪ್ರಾರ್ಥನೆಗಾ, ಬಡವರ ಸೇವೆಗಾ? ಮೂರಕ್ಕೂ. ಆದರೆ ಇವು ಮೂರೂ ದೊಡ್ಡ ಗುಂಪಿನಲ್ಲಿ ನಡೆಯಬಲ್ಲವು. ದೊಡ್ಡ ಗುಂಪಿನಲ್ಲಿ ಆಗದ ಒಂದೇ ಕೆಲಸವೆಂದರೆ ಬಾರದವರನ್ನು ಗುರುತಿಸುವುದು. ನಾನೂರು ಜನರ ನಡುವೆ ಒಬ್ಬರಿಲ್ಲದಿದ್ದರೆ ಗೊತ್ತಾಗುವುದಿಲ್ಲ; ಹತ್ತು ಜನರ ನಡುವೆ ಗೊತ್ತಾಗದೆ ಇರುವುದಿಲ್ಲ. ಕೂಟದ ದಿನ, ಹೊತ್ತು, ಸಂಖ್ಯೆ, ನಡೆಸುವ ಕ್ರಮ ಎಲ್ಲವನ್ನೂ ನಾನು ಈ ಒಂದು ಅಳತೆಗೋಲಿನಿಂದಲೇ ಅಳೆಯುತ್ತೇನೆ.

ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ಹಳೆಯ ಉದಾಹರಣೆ ಇದೆ, ಅದೂ ವಂತಿಗೆಯಿಂದಲೇ ಶುರುವಾದದ್ದು. 1742ರ ಫೆಬ್ರುವರಿ, ಇಂಗ್ಲೆಂಡಿನ ಬ್ರಿಸ್ಟಲ್. ಜಾನ್ ವೆಸ್ಲಿಯವರ ಮೆಥಡಿಸ್ಟ್ ಸಮುದಾಯಕ್ಕೆ ಕಟ್ಟಡದ ಸಾಲ ತೀರಿಸಬೇಕಿತ್ತು. ವಾರಕ್ಕೆ ಒಬ್ಬೊಬ್ಬರು ಒಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂತು. ಎಷ್ಟೋ ಜನರಿಗೆ ಅದೂ ಕಷ್ಟ ಎಂದು ಇನ್ನೊಬ್ಬರು ತಕರಾರು ತೆಗೆದರು. ಆಗ ಕ್ಯಾಪ್ಟನ್ ಫಾಯ್ ಎಂಬವರು ಎದ್ದು, ಹಾಗಾದರೆ ತೀರಾ ಬಡವರಾದ ಹನ್ನೊಂದು ಜನರನ್ನು ನನ್ನ ಲೆಕ್ಕಕ್ಕೆ ಹಾಕಿ, ಅವರು ಕೊಡಲಾಗದ್ದನ್ನು ನಾನು ತುಂಬುತ್ತೇನೆ, ನೀವೂ ಒಬ್ಬೊಬ್ಬರು ಹನ್ನೊಂದು ಮನೆಗೆ ವಾರಕ್ಕೊಮ್ಮೆ ಹೋಗಿ ಬನ್ನಿ ಎಂದರು. ಹೋದವರು ಪೆನ್ನಿಯ ಜತೆಗೆ ಸುದ್ದಿಯನ್ನೂ ತಂದರು: ಆ ಮನೆಯಲ್ಲಿ ಬದುಕು ಹಳಿ ತಪ್ಪಿದೆ ಎಂದು. ನಾವು ಇಷ್ಟು ಕಾಲ ಹುಡುಕುತ್ತಿದ್ದದ್ದು ಇದನ್ನೇ ಎಂದು ವೆಸ್ಲಿಗೆ ಹೊಳೆಯಿತು. ಮನೆಮನೆ ಸುತ್ತುವುದು ಕಷ್ಟವಾದಾಗ ಆ ಹನ್ನೆರಡು ಜನ ವಾರಕ್ಕೊಮ್ಮೆ ಒಂದೆಡೆ ಸೇರತೊಡಗಿದರು. ಮೆಥಡಿಸ್ಟರ ‘ಕ್ಲಾಸ್ ಮೀಟಿಂಗ್’ ಹುಟ್ಟಿದ್ದು ಹೀಗೆ. ಸಾಲ ವಸೂಲಿಯ ಪಟ್ಟಿ ಹಿಡಿದು ಹೋದವರು ಮನುಷ್ಯರನ್ನು ನೋಡಿಕೊಂಡು ಬಂದರು. ನನ್ನ ಮನೆಗೂ ಚೀಟಿಯ ಬದಲು ಒಬ್ಬರು ಬಂದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ಗುರುಗಳಿಗೆ ಹೇಳಿ, ಆದರೆ ಅವರ ತಲೆಗೆ ಕಟ್ಟಬೇಡಿ

ಗುರುಗಳ ಒಪ್ಪಿಗೆಯಿಲ್ಲದೆ ಶುರು ಮಾಡುವುದು ತಪ್ಪು. ಅವರೇ ಬಂದು ನಡೆಸಲಿ ಎಂದು ಕಾಯುವುದು ಇನ್ನೂ ದೊಡ್ಡ ತಪ್ಪು. ನಾನು ಹೋದಾಗ ಒಂದು ಹಾಳೆಯಲ್ಲಿ ಮೂರೇ ಸಾಲು ಬರೆದುಕೊಂಡು ಹೋಗಿದ್ದೆ: ಯಾವ ಬೀದಿಗಳು, ಯಾವ ದಿನ, ನಿಮ್ಮಿಂದ ಬೇಕಾದದ್ದು ವರ್ಷಕ್ಕೆ ಎರಡು ಸಲ ಬಂದು ನಮ್ಮ ಜತೆ ಸುಮ್ಮನೆ ಕೂರುವುದು. ಕೊನೆಯ ಸಾಲನ್ನು ಓದಿ ಅವರು ನಕ್ಕರು. ಅವರಿಗೆ ಎಲ್ಲ ಕಡೆಯೂ ಮಾತಾಡಲೆಂದೇ ಕರೆ, ಕೂರಲೆಂದು ಕರೆದವರಿರಲಿಲ್ಲ.

ಗುರುಗಳು ಹಿಂದೆಮುಂದೆ ನೋಡಿದರೆ ಕಥೋಲಿಕರಲ್ಲಿ ಆಸರೆಗೆ ಬೇಕಾದಷ್ಟಿದೆ. 1975ರಲ್ಲಿ ಆರನೆಯ ಪೌಲ್ ಪೋಪರ ಪ್ರೇಷಿತ ಪತ್ರ ಕಿರು ಸಮುದಾಯಗಳ ಬಗ್ಗೆಯೇ ಒಂದು ಇಡೀ ಖಂಡ ಮೀಸಲಿಟ್ಟಿದೆ. 1976ರಲ್ಲಿ ಪೂರ್ವ ಆಫ್ರಿಕಾದ ಬಿಷಪರು ಕಿರು ಕ್ರೈಸ್ತ ಸಮುದಾಯಗಳನ್ನು ಕಟ್ಟುವುದೇ ತಮ್ಮ ಮುಖ್ಯ ಆದ್ಯತೆ ಎಂದರು. 1990ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದ ಏಷ್ಯಾದ ಬಿಷಪರ ಒಕ್ಕೂಟ ಧರ್ಮಸಭೆ ‘ಸಮುದಾಯಗಳ ಸಮುದಾಯ’ ಆಗಬೇಕೆಂದಿತು. ಆದರೆ ಆ 1975ರ ಪತ್ರದಲ್ಲಿ ಒಂದು ಎಚ್ಚರಿಕೆಯೂ ಇದೆ, ಅದನ್ನು ಬಿಟ್ಟು ಓದಬೇಡಿ: ಸ್ಥಳೀಯ ಧರ್ಮಸಭೆಯಿಂದ ಕಳಚಿಕೊಂಡು, ನಾವೇ ನಿಜವಾದ ಸಭೆ ಎಂದು ಬೀಗುವ ಕೂಟಗಳ ಬಗ್ಗೆ. ಇದು ಬರೀ ಕಲ್ಪನೆಯ ಭಯವಲ್ಲ. 1670ರಲ್ಲಿ ಫ್ರಾಂಕ್‌ಫರ್ಟ್‌ನ ಲೂಥರನ್ ಪಾದ್ರಿ ಸ್ಪೇನರ್ ಅವರ ಮನೆಯಲ್ಲಿ ಶುರುವಾದ ಭಕ್ತಿಕೂಟಗಳಿಂದ ಸಭೆಗೆ ಹೊಸ ಜೀವ ಬಂತು, ಅದೇ ಕೂಟಗಳಿಂದ ಕೆಲವರು ಸಭೆಯನ್ನೇ ಬಿಟ್ಟೂ ಹೋದರು. ಹಾಗಾಗಿ ನಮ್ಮ ಕೂಟದ ಹೊತ್ತು ಎಂದೂ ಪೂಜೆಯ ಹೊತ್ತಿಗೆ ಅಡ್ಡ ಬರುವುದಿಲ್ಲ. ಕೂಟದಲ್ಲಿ ಎದ್ದ ಒಂದು ಬಿನ್ನಹ, ಸಂಬಂಧಪಟ್ಟವರು ಒಪ್ಪಿದರೆ, ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಗೆ ಹೋಗುತ್ತದೆ.

ಜನರನ್ನು ಸೇರಿಸುವುದು

ಪೂಜೆ ಮುಗಿದ ಮೇಲೆ ಮೈಕಿನಲ್ಲಿ ಪ್ರಕಟಣೆ ಹೇಳಿಸಬೇಡಿ. ಅದನ್ನು ಕೇಳಿ ಬರುವವರು ಗಾಯನ ಮಂಡಳಿಗೂ, ಹಬ್ಬದ ಸಮಿತಿಗೂ, ಹೂವು ಕಟ್ಟುವುದಕ್ಕೂ ಬರುವ ಅದೇ ಏಳು ಜನ. ಮೊದಲು ನಿಮ್ಮ ಜತೆ ಒಬ್ಬರನ್ನು ಮಾಡಿಕೊಳ್ಳಿ, ಸಾಧ್ಯವಾದರೆ ನಿಮಗಿಂತ ತೀರಾ ಬೇರೆ ಸ್ವಭಾವದವರನ್ನು. ಧರ್ಮಕೇಂದ್ರದ ಕುಟುಂಬ ದಾಖಲೆ ನೋಡಿ ನಡೆದು ಹೋಗುವ ದೂರದ ಮನೆಗಳ ಪಟ್ಟಿ ಮಾಡಿ. ನಡೆದು ಹೋಗುವ ದೂರ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಗಾಡಿ ಹತ್ತಬೇಕಾದ ಕೂಟಕ್ಕೆ ಮಳೆ ಬಂದ ದಿನ ಯಾರೂ ಬರುವುದಿಲ್ಲ, ಜ್ವರ ಬಂದ ದಿನ ಯಾರೂ ನೋಡಲು ಹೋಗುವುದಿಲ್ಲ.

ಇಬ್ಬರೂ ಮನೆಮನೆಗೆ ಹೋಗಿ. ಬಾಗಿಲಲ್ಲಿ ಹತ್ತು ನಿಮಿಷ ಸಾಕು. ‘ಸದಸ್ಯರಾಗಿ’ ಎನ್ನಬೇಡಿ. ‘ಹದಿನೈದು ದಿನಕ್ಕೊಂದು ಸಂಜೆ, ಒಟ್ಟು ಆರು ಸಲ. ಆಮೇಲೆ ಬೇಡ ಅನ್ನಿಸಿದರೆ ನಮಗೇನೂ ಬೇಜಾರಿಲ್ಲ’ ಎನ್ನಿ. ಕೊನೆ ಗೊತ್ತಿರುವ ಕೆಲಸಕ್ಕೆ ಜನ ಒಪ್ಪುತ್ತಾರೆ. ಕೊನೆಯಿಲ್ಲದ್ದಕ್ಕೆ ‘ನೋಡೋಣ’ ಎನ್ನುತ್ತಾರೆ. ನಮ್ಮ ಮೊದಲ ಪಟ್ಟಿಯಲ್ಲಿ ಮೂವತ್ತೊಂದು ಮನೆಗಳಿದ್ದವು. ಹದಿನಾಲ್ಕು ಮನೆಯವರು ಬರುತ್ತೇವೆಂದರು, ಮೊದಲ ಸಂಜೆ ಬಂದವರು ಐದು ಜನ. ಬಾಡಿಗೆಗೆ ತಂದ ಕುರ್ಚಿಗಳನ್ನು ನೋಡಿ ನನಗೆ ಅಳು ಬಂತು. ನೀವು ಬಾಡಿಗೆಗೆ ಕುರ್ಚಿ ತರಬೇಡಿ.

ಎಂಟರಿಂದ ಹನ್ನೆರಡು ಜನ ನನ್ನ ಲೆಕ್ಕದಲ್ಲಿ ಸರಿಯಾದ ಸಂಖ್ಯೆ. ಐದಕ್ಕಿಂತ ಕಡಿಮೆಯಾದರೆ ಇಬ್ಬರಿಗೆ ನೆಗಡಿಯಾದ ದಿನ ಕೂಟವೇ ಇಲ್ಲ. ಹದಿನೈದು ದಾಟಿದರೆ ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಸಭಿಕರಾಗುತ್ತಾರೆ.

ಪಟ್ಟಿ ಮಾಡುವಾಗ ಒಂದು ಕೆಲಸ ಮರೆಯಬೇಡಿ: ಪಟ್ಟಿಯಲ್ಲಿ ಯಾರಿಲ್ಲ ಎಂದು ನೋಡುವುದು. ರಾತ್ರಿ ಪಾಳಿಯವರು, ಒಂಟಿ ಬಾಡಿಗೆದಾರರು, ಗಂಡ ಅಥವಾ ಹೆಂಡತಿ ಬೇರೆ ಧರ್ಮದವರಾಗಿರುವ ಮನೆಗಳು, ಬೇರೆ ಭಾಷೆಯವರು, ಕಿವಿ ಮಂದವಾದವರು. ಯೇಸು ಕಳಿಸಿದ ಶಿಷ್ಯರಾದ ಪ್ರೇಷಿತರ ಕಾಲದಲ್ಲೇ, ಅಷ್ಟೊಂದು ಅನ್ಯೋನ್ಯವಾಗಿದ್ದ ಮೊದಲ ಸಭೆಯಲ್ಲೇ, ದಿನದಿನದ ಹಂಚಿಕೆಯಲ್ಲಿ ಬಿಟ್ಟುಹೋದದ್ದು ಗ್ರೀಕ್ ಮಾತಾಡುವ ವಿಧವೆಯರು. ಯಾರೂ ಬೇಕೆಂದು ಬಿಟ್ಟಿರಲಿಲ್ಲ. ಬಿಟ್ಟುಹೋಗುವುದು ಹಾಗೆಯೇ.

ಮನೆ, ಹೊತ್ತು, ತಿಂಡಿ

ಮೊದಲ ಇನ್ನೂರು ಚಿಲ್ಲರೆ ವರ್ಷ ಕ್ರೈಸ್ತರು ಸೇರುತ್ತಿದ್ದದ್ದು ಹೆಚ್ಚಾಗಿ ಮನೆಗಳಲ್ಲೇ. ಬೈಬಲಿನಲ್ಲಿರುವ ಪ್ರೇಷಿತ ಪೌಲನ ಪತ್ರಗಳಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲರ ಮನೆಯಲ್ಲಿ ಸೇರುವ ಸಭೆಗೆ, ಫಿಲೆಮೋನನ ಮನೆಯಲ್ಲಿ ಸೇರುವ ಸಭೆಗೆ ವಂದನೆಗಳಿವೆ. ಸಿರಿಯಾದ ದುರಾ ಯುರೋಪೋಸ್‌ನಲ್ಲಿ ಅಗೆದಾಗ ಮೂರನೆಯ ಶತಮಾನದ ಒಂದು ಮನೆ ಸಿಕ್ಕಿತು. ಅಲ್ಲಿ ಸಭೆ ಸೇರಲು ಜಾಗ ಸಾಲದೆ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಮಾಡಿದ್ದಾರೆ. ಆ ಮನೆಯೊಡತಿ ಗೋಡೆ ಒಡೆಯಲು ಹೇಗೆ ಒಪ್ಪಿದಳೋ ಎಂದು ನನಗೆ ಯಾವಾಗಲೂ ಕುತೂಹಲ.

ಸರದಿಯ ಮೇಲೆ ಮನೆ ಬದಲಾಯಿಸಿ. ಆದರೆ ‘ನಮ್ಮ ಮನೆಯಲ್ಲಿ ಬೇಡ’ ಎನ್ನುವ ಹಕ್ಕು ಎಲ್ಲರಿಗೂ ಇರಲಿ, ಕಾರಣ ಕೇಳಬೇಡಿ. ಮನೆ ಚಿಕ್ಕದಿರಬಹುದು, ಮನೆಯಲ್ಲಿ ಕುಡಿಯುವವರಿರಬಹುದು, ಒಪ್ಪದವರಿರಬಹುದು. ಅಂಥವರಿಗೆ ಬೇರೆ ಸರದಿ ಕೊಡಿ: ವಾಚನ ಓದುವುದು, ಮೇಣದ ಬತ್ತಿ ತರುವುದು.

ತಿಂಡಿಯ ವಿಷಯದಲ್ಲಿ ಮಾತ್ರ ನಾನು ಸರ್ವಾಧಿಕಾರಿ. ಕುಡಿಯಲು ಒಂದು, ಕೈಯಲ್ಲಿ ಹಿಡಿದು ತಿನ್ನಲು ಒಂದು, ಅಷ್ಟೇ. ಮೊದಲ ವರ್ಷ ಈ ನಿಯಮ ಇರಲಿಲ್ಲ. ಒಂದು ಮನೆಯಲ್ಲಿ ಎರಡು ಬಗೆಯಾದರೆ ಮುಂದಿನ ಮನೆಯಲ್ಲಿ ನಾಲ್ಕು, ಅದರ ಮುಂದಿನದರಲ್ಲಿ ಪೂರ್ತಿ ಊಟ. ಐದನೆಯ ಮನೆಯಾಕೆ ‘ಈ ಸಲ ನಮ್ಮ ಮನೆಯಲ್ಲಿ ಯಾರಿಗೋ ಹುಷಾರಿಲ್ಲ’ ಎಂದರು. ಅವರ ಮನೆಯಲ್ಲಿ ಎಲ್ಲರೂ ಹುಷಾರಾಗಿಯೇ ಇದ್ದರು. ಒಬ್ಬನು ಹಸಿದಿರುತ್ತಾನೆ, ಒಬ್ಬನು ಕುಡಿದು ಮತ್ತನಾಗಿರುತ್ತಾನೆ ಎಂದು ಪೌಲನು ಕೊರಿಂಥದವರನ್ನು ಗದರಿದ್ದು ಮನೆಯಲ್ಲಿ ಸೇರುವ ಇಂಥ ಕೂಟದ ಊಟದ ಬಗ್ಗೆಯೇ. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಅವನು ಕೇಳುತ್ತಾನೆ.

ಹೊತ್ತು: ಒಂದು ಗಂಟೆ ಹದಿನೈದು ನಿಮಿಷ. ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ಮುಕ್ತಾಯ, ಪವಿತ್ರಾತ್ಮರು ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ. ಪೌಲನಂಥ ಪೌಲನೇ ನಡುರಾತ್ರಿವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದ ಯೂತಿಕನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಅಲ್ಲಿ ಎಬ್ಬಿಸಲು ಪೌಲನಿದ್ದ. ನಮ್ಮಲ್ಲಿ ಬಿದ್ದವರು ಮುಂದಿನ ಸಲ ಬರುವುದಿಲ್ಲ, ಅಷ್ಟೇ.

ಕೂತ ಮೇಲೆ ಏನು ಮಾಡುವುದು

ಬೋಧನೆ ಬೇಡ. ನನಗೆ ಬೋಧಿಸಲು ಬರುವುದಿಲ್ಲ, ಬರುವವರಿಗೆ ನಿಲ್ಲಿಸಲು ಬರುವುದಿಲ್ಲ. ನಾವು ಬಳಸುವುದು ಏಳು ಹೆಜ್ಜೆಗಳ ಶುಭಸಂದೇಶ (ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಭಾಗ) ಹಂಚಿಕೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಲ್ಲಿ ಓಸ್ವಾಲ್ಡ್ ಹಿರ್ಮರ್ ಮತ್ತು ಫ್ರಿಟ್ಜ್ ಲೋಬಿಂಗರ್ ಎಂಬ ಗುರುಗಳು ರೂಪಿಸಿ ಹರಡಿದ ಕ್ರಮ ಇದು. ಇಬ್ಬರೂ ಮುಂದೆ ಬಿಷಪರಾದರು. ಮೊದಲು ಪ್ರಭುವನ್ನು ಆಹ್ವಾನಿಸುವುದು. ಎರಡನೆಯದು ವಾಚನ. ಮೂರನೆಯದರಲ್ಲಿ ಮನಸ್ಸಿಗೆ ತಾಗಿದ ಒಂದು ಪದವನ್ನೋ ಪದಗುಚ್ಛವನ್ನೋ ಒಬ್ಬೊಬ್ಬರೇ ಗಟ್ಟಿಯಾಗಿ, ಬಿಡುವು ಕೊಟ್ಟು, ಮತ್ತೆ ಮತ್ತೆ ಹೇಳುವುದು. ನಾಲ್ಕನೆಯದು ಕೆಲವು ನಿಮಿಷಗಳ ಮೌನ. ಐದನೆಯದರಲ್ಲಿ ಆ ಮಾತು ನನಗೇನು ಹೇಳಿತು ಎಂದು ಹಂಚಿಕೊಳ್ಳುವುದು. ಚರ್ಚೆಯಿಲ್ಲ, ಉತ್ತರವಿಲ್ಲ, ತಿದ್ದುವುದಿಲ್ಲ. ಆರನೆಯದು ನಾವೀಗ ಮಾಡಬೇಕಾದ ಕೆಲಸವೇನು ಎಂದು ಮಾತಾಡುವುದು. ಏಳನೆಯದು ಸ್ವಂತ ಮಾತಿನ ಪ್ರಾರ್ಥನೆ.

ಕಾಗದದ ಮೇಲೆ ಇದು ಒಣಗಿದಂತೆ ಕಾಣುತ್ತದೆ, ಗೊತ್ತು. ಒಂದು ಸಂಜೆಯನ್ನು ಹೇಳುತ್ತೇನೆ.

ಅಂದು ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಜನಸಂದಣಿಯಿಂದ ಒಳಗೆ ಹೋಗಲಾಗದೆ, ಚಾವಣಿ ಬಿಚ್ಚಿ ಇಳಿಸಿದ ಪ್ರಸಂಗ. ಮೂರನೆಯ ಹೆಜ್ಜೆಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ‘ಜನಸಂದಣಿ’ ಎಂದಳು. ಒಬ್ಬರು ‘ಎದ್ದು ನಡೆ’ ಎಂದರು. ಬಾಗಿಲ ಪಕ್ಕ ಒಬ್ಬರು ಕೂತಿದ್ದರು. ಹಿಂದಿನ ಐದು ಕೂಟಗಳಲ್ಲಿ ತಮ್ಮ ಹೆಸರು ಬಿಟ್ಟು ಮತ್ತೇನೂ ಹೇಳಿರಲಿಲ್ಲ. ಅವರು ‘ನಾಲ್ವರು’ ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ‘ನಾಲ್ವರು’. ಮೌನದಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು. ಐದನೆಯ ಹೆಜ್ಜೆ ಬಂದಾಗ ಅವರು ನೆಲ ನೋಡುತ್ತಲೇ ಹೇಳಿದರು: ‘ನಮ್ಮನೇಲಿ ಹೊರೋನು ನಾನೊಬ್ಬನೇ.’

ಅವರ ಹೆಂಡತಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಹತ್ತಿರದ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ನಾಲಿಗೆಯ ತುದಿಗೆ ಮೂರು ಸಲಹೆಗಳು ಬಂದಿದ್ದವು: ಇಂಥ ವೈದ್ಯರು, ಇಂಥ ಎಣ್ಣೆ, ಇಂಥ ನೊವೇನ (ಒಂಬತ್ತು ದಿನದ ಪ್ರಾರ್ಥನೆ). ಕಚ್ಚಿ ಹಿಡಿದೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಮೊದಲ ಏಳು ದಿನ ಏಳು ರಾತ್ರಿ ಅವನ ಜತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ಆರನೆಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ನಾವು ‘ಎಲ್ಲರೂ ಪ್ರಾರ್ಥಿಸೋಣ’ ಎಂದು ಮುಗಿಸಿಬಿಡುತ್ತಿದ್ದೆವು. ಅಂದು ಒಬ್ಬಾಕೆ ಕೇಳಿದರು: ‘ಯಾವ ದಿನ ಎಷ್ಟು ಹೊತ್ತು ನಾವು ಬಂದು ಕೂತರೆ ನಿಮಗೆ ಅನುಕೂಲ?’ ಮಂಗಳವಾರ ನಾಲ್ಕರಿಂದ ಆರು ಅವರು, ಶುಕ್ರವಾರ ನಾನು. ಮೊದಲ ಮಂಗಳವಾರ ಆ ಎರಡು ಗಂಟೆಯಲ್ಲಿ ಆತ ಎಲ್ಲಿಗೆ ಹೋದರು ಗೊತ್ತೇ? ಕ್ಷೌರಕ್ಕೆ.

ಅಂದಿನಿಂದ ಆರನೆಯ ಹೆಜ್ಜೆಯಲ್ಲಿ ಒಂದು ನಿಯಮ: ಯಾರು, ಏನು, ಯಾವತ್ತು, ಮೂರೂ ಇಲ್ಲದ ತೀರ್ಮಾನವನ್ನು ನಾನು ಪುಸ್ತಕದಲ್ಲಿ ಬರೆಯುವುದಿಲ್ಲ. ಮುಂದಿನ ಕೂಟದ ಮೊದಲ ಮಾತು, ಹೋದ ಸಲದ ಕೆಲಸ ಏನಾಯಿತು ಎಂಬುದು. ಕೆಲಸ ಆಗಿರದಿದ್ದರೆ ಗದರುವುದಿಲ್ಲ, ಮತ್ತೆ ಬರೆಯುತ್ತೇನೆ.

ಎಲ್ಲ ಕೂಟದಲ್ಲೂ ಒಬ್ಬರು ಮಾತುಗಾರರಿರುತ್ತಾರೆ. ನಮ್ಮಲ್ಲಿದ್ದವರು ‘ಒಂದೇ ನಿಮಿಷ’ ಎಂದು ಹೊರಟರೆ ಬೈಬಲಿನ ಮೊದಲ ಪುಸ್ತಕದಿಂದ ಕೊನೆಯ ಪುಸ್ತಕದವರೆಗೆ ಹೋಗಿ ಬರುತ್ತಿದ್ದರು. ಅವರನ್ನು ಎದುರು ಕೂರಿಸಿಕೊಂಡರೆ ನಿಮ್ಮ ಕಣ್ಣು ನೋಡುತ್ತಲೇ ಮಾತಾಡುತ್ತಾರೆ. ಪಕ್ಕದಲ್ಲಿ ಕೂರಿಸಿಕೊಳ್ಳಿ, ಕಣ್ಣು ಸಿಗುವುದಿಲ್ಲ, ಮಾತು ತಾನಾಗಿ ಕಡಿಮೆಯಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ‘ಈ ಸಲ ಇನ್ನೂ ಮಾತಾಡದವರು ಮೊದಲು’ ಎನ್ನಿ. ಅದಕ್ಕೂ ಬಗ್ಗದಿದ್ದರೆ ಬೇರೆ ದಿನ ಅವರ ಮನೆಗೆ ಹೋಗಿ ಒಂದು ಗಂಟೆ ಕೇಳಿಸಿಕೊಳ್ಳಿ. ನಮ್ಮವರ ಮಕ್ಕಳು ಮೂವರೂ ದೂರದಲ್ಲಿದ್ದರು. ಕೂಟ ಬಿಟ್ಟರೆ ಅವರ ಮಾತು ಕೇಳುವವರೇ ಇರಲಿಲ್ಲ.

ಮಾತಾಡದವರನ್ನು ಹೆಸರು ಹಿಡಿದು ಕರೆದು ಮಾತಾಡಿಸಬೇಡಿ. ಮೌನವಾಗಿ ಬರುವುದೂ ಬರುವುದೇ.

ನಾನು ಮಾಡಿದ ತಪ್ಪು

ಎರಡನೆಯ ವರ್ಷ ನಮ್ಮ ಕೂಟದಲ್ಲಿ ಒಬ್ಬಾಕೆ ತಮ್ಮ ಮಗನ ವಿಷಯ ಹೇಳಿಕೊಂಡು ಅತ್ತರು. ಏನು ಎಂದು ಇಲ್ಲಿ ಬರೆಯುವುದಿಲ್ಲ. ಮರುದಿನ ಇನ್ನೊಂದು ಕೂಟದ ಗೆಳತಿಗೆ ನಾನು ಅದನ್ನು ಹೇಳಿದೆ, ‘ಪ್ರಾರ್ಥನೆಗೋಸ್ಕರ’ ಎಂದು. ಎರಡು ವಾರದಲ್ಲಿ ಅದು ಸುತ್ತಿ ಆ ತಾಯಿಯ ಕಿವಿಗೇ ಬಂತು. ಅವರು ಆಮೇಲೆ ಬರಲಿಲ್ಲ. ನಾನು ಹೋಗಿ ಕ್ಷಮೆ ಕೇಳಿದೆ. ‘ಇರಲಿ ಬಿಡಿ ಅಕ್ಕಾ’ ಎಂದರು, ಒಳಗೆ ಕರೆಯಲಿಲ್ಲ.

ಚಾಡಿಗಿಂತ ಪ್ರಾರ್ಥನೆಯ ಬಿನ್ನಹ ಬೇಗ ಹರಡುತ್ತದೆ, ಯಾಕೆಂದರೆ ಹೇಳುವವರಿಗೆ ಪಾಪ ಮಾಡಿದ ಭಾವವೇ ಇರುವುದಿಲ್ಲ. ಅದಕ್ಕೇ ಈಗ ಪ್ರತಿ ಕೂಟದ ಆರಂಭದಲ್ಲಿ, ಹಳಬರಿಗೆ ಬೇಸರವಾದರೂ, ಹೇಳುತ್ತೇವೆ: ಇಲ್ಲಿ ಕೇಳಿದ್ದು ಇಲ್ಲೇ. ಗಂಡನಿಗೂ ಇಲ್ಲ, ಹೆಂಡತಿಗೂ ಇಲ್ಲ, ಗುರುಗಳಿಗೂ ಹೇಳಿಕೊಂಡವರ ಅನುಮತಿಯಿಲ್ಲದೆ ಇಲ್ಲ. ಇದಕ್ಕೆ ಒಂದೇ ವಿನಾಯಿತಿ, ಅದನ್ನೂ ಮೊದಲೇ ಹೇಳಿಬಿಡುತ್ತೇವೆ: ಮಗುವಿಗೆ ಹಿಂಸೆ ಆಗುತ್ತಿದ್ದರೆ, ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ತಾನೇ ಜೀವ ಕಳೆದುಕೊಳ್ಳುವ ಮಾತು ಬಂದರೆ ಗುಟ್ಟು ಕಾಯುವುದಿಲ್ಲ. ಅಂದೇ ತಿಳಿದವರ ಸಹಾಯ ಪಡೆಯುತ್ತೇವೆ, ಕಾನೂನಿಗೆ ಹೇಳಬೇಕಾದದ್ದನ್ನು ಹೇಳುತ್ತೇವೆ. ಕಿರು ಕೂಟ ವೈದ್ಯರ ಬದಲಿಯಲ್ಲ, ಪೊಲೀಸರ ಬದಲಿಯೂ ಅಲ್ಲ.

ದುಡ್ಡಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಕೂಟದವರ ನಡುವೆ ಕೂಟದ ಹೆಸರಿನಲ್ಲಿ ಸಾಲ ಬೇಡ, ಜಾಮೀನು ಬೇಡ, ಯಾವ ಯೋಜನೆಯ ಮಾರಾಟವೂ ಬೇಡ. ಸಹಾಯಕ್ಕೆಂದು ಒಂದು ಮುಚ್ಚಿದ ಡಬ್ಬಿ ಇರಲಿ. ಯಾರು ಎಷ್ಟು ಹಾಕಿದರು ಎಂದು ಕಾಣಬಾರದು. ಎಣಿಸುವಾಗ ಇಬ್ಬರಿರಬೇಕು, ಬರೆದು ಇಬ್ಬರೂ ಸಹಿ ಹಾಕಬೇಕು. ಮೂವತ್ತು ವರ್ಷ ಲೆಕ್ಕ ಬರೆದವಳ ಮಾತು ಇದು: ಒಬ್ಬರೇ ಎಣಿಸುವ ಡಬ್ಬಿ ಒಳ್ಳೆಯವರನ್ನೂ ಸಂಶಯಕ್ಕೆ ನೂಕುತ್ತದೆ.

ವಾಟ್ಸಾಪ್ ಗುಂಪು ಮಾಡಿ, ಆದರೆ ದಿನ, ಹೊತ್ತು, ಮನೆ ತಿಳಿಸಲು ಮಾತ್ರ. ಗುಡ್ ಮಾರ್ನಿಂಗ್ ಗುಲಾಬಿಗಳು ಶುರುವಾದರೆ ಒಂದು ತಿಂಗಳಲ್ಲಿ ಎಲ್ಲರೂ ಸದ್ದು ಆರಿಸಿಡುತ್ತಾರೆ, ಆಮೇಲೆ ಮನೆ ಬದಲಾದ ಸುದ್ದಿಯೂ ತಲುಪುವುದಿಲ್ಲ.

ನಡೆಸುವವರು, ಒಡೆಯುವುದು, ಮುಚ್ಚುವುದು

ಇಬ್ಬರು ನಡೆಸಲಿ, ಮೂರು ವರ್ಷ ನಡೆಸಲಿ, ಆಮೇಲೆ ಬಿಡಲಿ. ನಾನು ಮೊದಲ ಸಲ ಏಳು ವರ್ಷ ಬಿಡಲಿಲ್ಲ. ‘ನೀವಿಲ್ಲದಿದ್ದರೆ ಆಗಲ್ಲ’ ಎಂದು ಎಲ್ಲರೂ ಹೇಳುತ್ತಿದ್ದರು, ನನಗದು ಹಿತವಾಗಿತ್ತು. ನಿಜ ಏನೆಂದರೆ ಅವರಿಗೆ ಆಗದಂತೆ ನಾನೇ ಮಾಡಿಟ್ಟಿದ್ದೆ. ಈಗ ಮೊದಲ ತಿಂಗಳಿಂದಲೇ ಒಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇವೆ. ಮೊದಲು ಅವರು ನೋಡುತ್ತಾರೆ, ಆಮೇಲೆ ಒಂದೆರಡು ಹೆಜ್ಜೆ ನಡೆಸುತ್ತಾರೆ, ಆಮೇಲೆ ಪೂರ್ತಿ ನಡೆಸುತ್ತಾರೆ, ನಾವು ಮೂಲೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯುತ್ತೇವೆ. ಚೆನ್ನಾಗಿ ಮಾತಾಡುವವರನ್ನು ಆರಿಸಬೇಡಿ. ಕೂಟ ಮುಗಿದ ಮೇಲೆ ವಯಸ್ಸಾದವರನ್ನು ಗೇಟಿನ ತನಕ ಬಿಟ್ಟು ಬರುವವರು ಯಾರು ಎಂದು ನೋಡಿಕೊಳ್ಳಿ.

ಹದಿನೈದು ದಾಟಿದಾಗ ಕೂಟವನ್ನು ಎರಡು ಮಾಡಬೇಕು ಎನ್ನುವುದು ಸರಿ. ಆದರೆ ನಾವು ಮಾಡಿದಂತೆ ಬೀದಿಯ ಈಚೆಯವರು, ಆಚೆಯವರು ಎಂದು ಪಟ್ಟಿ ಓದಿ ಒಡೆಯಬೇಡಿ. ನಾಲ್ಕು ವರ್ಷ ಒಬ್ಬರ ಕಷ್ಟಕ್ಕೆ ಒಬ್ಬರು ಕಿವಿಯಾದ ಇಬ್ಬರು ಹೆಂಗಸರು ಬೇರೆಬೇರೆ ಪಾಲಿಗೆ ಹೋದರು. ಮೂರು ತಿಂಗಳಲ್ಲಿ ಇಬ್ಬರೂ ಬಿಟ್ಟರು. ಮೊದಲು ಇಬ್ಬರು ಮೂವರನ್ನು ಬೀಜದ ಹಾಗೆ ಕಳಿಸಿ, ಅವರು ಹೊಸ ಮನೆಗಳನ್ನು ಸೇರಿಸಿಕೊಳ್ಳಲಿ, ಹಳಬರಲ್ಲಿ ಇಷ್ಟವಿದ್ದವರು ಆಮೇಲೆ ಹೋಗಲಿ. ನಿಧಾನ, ಆದರೆ ಯಾರೂ ಗಾಯಗೊಳ್ಳುವುದಿಲ್ಲ.

ಕೂಟ ಸತ್ತರೆ ಸಾಯಲು ಬಿಡಿ. ನಮ್ಮ ಎರಡನೆಯ ಕೂಟದಲ್ಲಿ ಜನ ಊರು ಬಿಟ್ಟು, ಕೆಲವರು ತೀರಿಕೊಂಡು ಕೊನೆಗೆ ನಾಲ್ವರು ಉಳಿದೆವು. ಒಂದು ವರ್ಷ ಎಳೆದಾಡಿ ಆಮೇಲೆ ಗುರುಗಳನ್ನು ಕರೆಸಿ, ಆ ಹನ್ನೊಂದು ವರ್ಷಗಳಲ್ಲಿ ಬಂದುಹೋದ ನಲವತ್ತಮೂರು ಹೆಸರುಗಳನ್ನು ಒಂದೊಂದಾಗಿ ಓದಿ, ಕೃತಜ್ಞತೆಯ ಪೂಜೆ ಅರ್ಪಿಸಿ ಮುಚ್ಚಿದೆವು. ಉಳಿದ ನಾಲ್ವರೂ ಬೇರೆ ಕೂಟಗಳಿಗೆ ಹೋದೆವು.

ಆ ಪುಸ್ತಕ

ನಾನು ಇಟ್ಟುಕೊಂಡಿರುವುದು ಸಾದಾ ಗೆರೆ ಹಾಕಿದ ನೋಟ್‌ಬುಕ್. ನಾಲ್ಕು ಕಾಲಂ: ದಿನ, ಬಂದವರು, ಬಾರದವರು, ಅವರನ್ನು ಯಾರು ವಿಚಾರಿಸಿದರು. ಮೊದಲ ಮೂರು ಕೂಟದಲ್ಲೇ ತುಂಬುತ್ತವೆ. ನಾಲ್ಕನೆಯದು ಮರುದಿನ ಸಂಜೆಯೊಳಗೆ ತುಂಬಬೇಕು. ಹೆಸರಿನ ಪಕ್ಕ ಬೇರೇನೂ ಬರೆಯುವುದಿಲ್ಲ, ಕಾರಣವಂತೂ ಇಲ್ಲವೇ ಇಲ್ಲ, ಪುಸ್ತಕ ಯಾರ ಕೈಗೆ ಸಿಕ್ಕೀತೋ ಹೇಳಲಾಗದು.

ವಿಚಾರಿಸುವವರು ಒಬ್ಬರೇ ಇರಲಿ, ಮತ್ತು ಯಾರು ಎಂದು ಅಲ್ಲೇ ಗೊತ್ತು ಮಾಡಿ. ಒಮ್ಮೆ ಹೀಗೆ ಗೊತ್ತು ಮಾಡದೆ ಹೋದಾಗ, ಜ್ವರದಿಂದ ಮಲಗಿದ್ದ ಒಬ್ಬರಿಗೆ ಒಂದೇ ಸಂಜೆ ಎಂಟು ಜನ ಫೋನ್ ಮಾಡಿದರು. ಎಂಟನೆಯವರಿಗೆ ಅವರು, ‘ಮುಂದಿನ ಸಲ ಜ್ವರ ಇದ್ದರೂ ಬಂದೇ ಬಿಡ್ತೀನಿ, ಅದೇ ಕಡಿಮೆ ತ್ರಾಸು’ ಎಂದರಂತೆ.

ಫೋನ್ ಮಾಡಿದಾಗ ‘ಯಾಕೆ ಬರಲಿಲ್ಲ?’ ಎಂದು ಕೇಳಬೇಡಿ. ಅದು ಹಾಜರಿ ಕೂಗಿದಂತೆ. ‘ನಿನ್ನೆ ನಿಮ್ಮ ನೆನಪಾಯಿತು, ಹೇಗಿದ್ದೀರಿ?’ ಎನ್ನಿ. ಆಮೇಲೆ ಸುಮ್ಮನಿರಿ. ‘ಕೆಲಸ ಇತ್ತು’ ಎಂದರೆ ನಂಬಿ. ಮೂರು ಸಲ ಸತತವಾಗಿ ಕೆಲಸ ಇದ್ದರೆ ಫೋನ್ ಬಿಟ್ಟು ನಡೆದು ಹೋಗಿ.

ಎರಡನೆಯ ವರ್ಷ ನನ್ನ ಬಾಯಿಂದಾಗಿ ಬಿಟ್ಟುಹೋದ ಆ ತಾಯಿಯ ಹೆಸರನ್ನು ಮೂರನೆಯ ಕಾಲಂನಲ್ಲಿ ಇಂದಿಗೂ ಬರೆಯುತ್ತೇನೆ. ನಾಲ್ಕನೆಯದರಲ್ಲಿ ವರ್ಷಕ್ಕೆ ಎರಡು ಸಲ ನನ್ನ ಹೆಸರು ಬೀಳುತ್ತದೆ, ಕ್ರಿಸ್ಮಸ್ಸಿಗೆ ಒಮ್ಮೆ, ಪಾಸ್ಖ (ಈಸ್ಟರ್) ಹಬ್ಬಕ್ಕೆ ಒಮ್ಮೆ. ಹಿಂದೆಲ್ಲ ರಿಂಗ್ ಆಗಿ ಆಗಿ ನಿಲ್ಲುತ್ತಿತ್ತು. ಕಳೆದ ಪಾಸ್ಖಕ್ಕೆ ಎತ್ತಿದರು. ‘ನಿಮ್ಮ ಮೊಣಕಾಲು ಹೇಗಿದೆ ಅಕ್ಕಾ?’ ಎಂದು ಅವರೇ ಮೊದಲು ಕೇಳಿದರು.